ನೆರಳು ಪಾಠದ ಕಳವು

ಟೀಚರಮ್ಮ ಮೆಟ್ಟಿಲು ಹತ್ತಿ ಬಂದದ್ದು ಭಾನುವಾರ ಬೆಳಿಗ್ಗೆ. ಹಿಂದೆಯೇ ನರ್ಸಮ್ಮ. ಇಬ್ಬರಲ್ಲಿ ಒಬ್ಬರು ಅತ್ತಿದ್ದಾರೆಂದು ಮೈದುನನಿಗೆ ಬಾಗಿಲು ತೆರೆದೊಡನೆ ತಿಳಿಯಿತು. ಯಾರು ಎನ್ನುವ ಊಹೆ ಮಾತ್ರ ತಪ್ಪಿತು. ಕಣ್ಣು ಕೆಂಪಗಾಗಿದ್ದದ್ದು ಟೀಚರಮ್ಮನದು. ನರ್ಸಮ್ಮನ ಮುಖ ಇಸ್ತ್ರಿ ಮಾಡಿದ ಬಟ್ಟೆಯಂತೆ ಒಂದು ಸುಕ್ಕೂ ಇಲ್ಲದೆ ಬಿಗಿದುಕೊಂಡಿತ್ತು.

"ಅತ್ತಿಗೆ ಇದ್ದಾರಾ?" ಎಂದರು ಟೀಚರಮ್ಮ.

ಅತ್ತಿಗೆ ಅವನಿಗೆ ಅಣ್ಣನ ಹೆಂಡತಿ; ಕಟ್ಟಡದ ಮಿಕ್ಕವರೆಲ್ಲ ಅವನ ಬಾಯಿಂದ ಕೇಳಿ ಕೇಳಿ ಅದನ್ನೇ ಹೆಸರು ಮಾಡಿಕೊಂಡಿದ್ದರು. ಹಾಗೆಯೇ ಎದುರು ರಸ್ತೆಯಲ್ಲಿ ಔಷಧದಂಗಡಿ ಇಟ್ಟಿದ್ದ ಅವನೂ ಎಲ್ಲರಿಗೂ ಮೈದುನನಾಗಿದ್ದ. ಅತ್ತಿಗೆ ನಿವೃತ್ತರಾಗುವವರೆಗೆ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವ ಕೆಲಸದಲ್ಲಿದ್ದವರು. ಅಡುಗೆಮನೆಯ ಡಬ್ಬಗಳಲ್ಲಿ ಯಾವುದರ ಮುಚ್ಚಳ ತೆರೆಯಿತೆಂದು ಹಾಲಿನಲ್ಲಿ ಕೂತೇ ಹೇಳುತ್ತಿದ್ದರು. ಅಣ್ಣ ಮದುವೆಯಾದಂದಿನಿಂದ ಕದ್ದು ತಿನ್ನುವ ಸುಖ ಕಂಡಿರಲಿಲ್ಲ. ಕಟ್ಟಡದಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಈ ಬಾಗಿಲು ತಟ್ಟುವುದು ರೂಢಿಯಾಗಿತ್ತು. ಅಂಥ ದಿನ ಮೈದುನ ಅಂಗಡಿಯನ್ನು ಕೆಲಸದವನಿಗೆ ಬಿಟ್ಟು ಅತ್ತಿಗೆಯ ಹಿಂದೆ ಓಡಾಡುವುದೂ ರೂಢಿಯೇ.

ಟೀಚರಮ್ಮ ಹೇಳಿದ ಸಂಗತಿ ಇದು. ನೆಲಮಾಳಿಗೆಯಲ್ಲಿ ಅವರು ನಡೆಸುತ್ತಿದ್ದ ಶಾಲೆಗೆ ಬರುವವರು ಇಂಗ್ಲಿಷ್ ಓದಲು ಬರೆಯಲು ಬಲ್ಲವರೇ. ಆದರೆ ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರು ಎದುರು ನಿಂತು ಸಲೀಸಾಗಿ ಮಾತಾಡಿದರೆ ಕಕ್ಕಾಬಿಕ್ಕಿಯಾಗುವವರು. ಅವರಿಗೆ ಟೀಚರಮ್ಮ ನೆರಳು ಪಾಠ ಹೇಳಿಕೊಡುತ್ತಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅದರಲ್ಲಿ ಬರುವ ಮಾತನ್ನು ನೆರಳಿನ ಹಾಗೆ ಒಂದು ಹೆಜ್ಜೆ ಹಿಂದೆ ನಿಂತು ಜೊತೆಜೊತೆಗೇ ಆಡಬೇಕು. ಮೊದಲ ವಾರಗಳಲ್ಲಿ ಪದವೂ ಇಲ್ಲ, ಬರೀ ಗುನುಗು: ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಯಾವ ಅಕ್ಷರದ ಮೇಲೆ ಭಾರ ಬಿತ್ತು.

"ನಾವು ಅಕ್ಷರಗಳನ್ನೆಲ್ಲ ಸಾಲಾಗಿ ಕೂರಿಸಿ ಸಮನಾಗಿ ಬಡಿಸ್ತೀವಿ. ಇಂಗ್ಲಿಷಿನಲ್ಲಿ ಒಂದಕ್ಕೆ ಹೊಟ್ಟೆ ತುಂಬ ಊಟ, ಪಕ್ಕದ ಮೂರಕ್ಕೆ ಉಪವಾಸ. ಉಪವಾಸ ಇದ್ದವು ಕಿವಿಗೆ ಬೀಳೋದೇ ಇಲ್ಲ" ಎಂದು ಅವರು ಹೊಸಬರಿಗೆಲ್ಲ ಹೇಳುತ್ತಿದ್ದುದನ್ನು ಮೈದುನ ಮೆಟ್ಟಿಲಿಳಿಯುವಾಗ ಎಷ್ಟೋ ಸಲ ಕೇಳಿದ್ದ. ಕೇಳಿದ್ದನ್ನು ತಿದ್ದಬಾರದು, ಓದಿದವರು ಕೆಮ್ಮಿದರೆ ನೀವೂ ಕೆಮ್ಮಿ ಎನ್ನುವುದು ಅಲ್ಲಿಯ ನಿಯಮ. ಬೀದಿಯವರು ಆ ಶಾಲೆಗೆ ಜೇನುಗೂಡು ಎಂದು ಹೆಸರಿಟ್ಟಿದ್ದರು.

ದೊಡ್ಡ ಆಸ್ಪತ್ರೆಯೊಂದು ತನ್ನ ಫೋನ್ ಸಹಾಯವಾಣಿಗೆ ಈ ಶಾಲೆಯಿಂದ ಒಬ್ಬರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಹೊರದೇಶದ ರೋಗಿಗಳ ಕರೆ ಬರುವ ಜಾಗ. ಒಂದು ಮಾತು ತಪ್ಪಿದರೆ ಜೀವಕ್ಕೇ ಕುತ್ತು. ಶನಿವಾರ ಮೂವರಿಗೆ ಪರೀಕ್ಷೆ ನಡೆಯಿತು. ಯಾರೂ ಮುಂಚೆ ಕೇಳಿರದ ಒಂದು ಮಾತುಕತೆಗೆ ನೆರಳಾಗಬೇಕು, ಆಮೇಲೆ ಅದರ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳಬೇಕು. ನರ್ಸಮ್ಮ ಮೊದಲಿಗಳಾಗಿ ಬಂದಳು. ಹೋಟೆಲೊಂದರ ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದ, ಎಲ್ಲರೂ ನಗುಮುಖ ಎಂದು ಕರೆಯುತ್ತಿದ್ದ ಯುವಕ ಕೂದಲೆಳೆಯಷ್ಟು ಹಿಂದೆ. ಕರಿಕೋಟು ಎಂಬ ಅಡ್ಡಹೆಸರಿನ ಹೊಸ ವಕೀಲ ಬಹಳ ಹಿಂದೆ.

ಸಂಜೆಗೇ ಕರಿಕೋಟು ಆಸ್ಪತ್ರೆಗೆ ದೂರು ಕೊಟ್ಟ: ಪರೀಕ್ಷೆಯ ಧ್ವನಿ ಮೊದಲೇ ಕಳುವಾಗಿತ್ತು, ಶಾಲೆಯ ಬೀಗದ ಕೈ ನರ್ಸಮ್ಮನ ಬಳಿ ಇರುತ್ತದೆ, ತಿಂಗಳ ಹಿಂದೆ ಕೊನೆಯವಳಾಗಿದ್ದವಳು ಮೊದಲಿಗಳಾದದ್ದು ಹೇಗೆ?

"ಕಳುವಾಗಿದ್ದು ನಿಜವಾ?" ಎಂದು ಅತ್ತಿಗೆ ಕೇಳಿದರು.

ಟೀಚರಮ್ಮ ತಲೆ ತಗ್ಗಿಸಿದರು. ಸೋಮವಾರ ಸಂಜೆ ಹಲ್ಲಿನ ಡಾಕ್ಟರಿಂದ ಓದಿಸಿ, ಧ್ವನಿಯಿದ್ದ ಚಿಕ್ಕ ಕಾರ್ಡನ್ನು ಧ್ವನಿಕೋಣೆಯ ಡ್ರಾಯರಿನಲ್ಲಿ ಇಟ್ಟಿದ್ದರಂತೆ. ಬುಧವಾರ ನೋಡಿದರೆ ಇರಲಿಲ್ಲ. ಗುರುವಾರ ಅದೇ ಜಾಗದಲ್ಲಿ ಇತ್ತು. ತಾನೇ ಸರಿಯಾಗಿ ಹುಡುಕಿರಲಿಕ್ಕಿಲ್ಲವೆಂದು ಸುಮ್ಮನಾಗಿದ್ದರು. ಹುಡುಕುವಾಗ ತರಗತಿಯಲ್ಲಿದ್ದ ಕರಿಕೋಟನ್ನೂ ಕೇಳಿದ್ದರು. ಅದೇ ಈಗ ದೂರಾಗಿತ್ತು. ನಾಳೆ ಮಧ್ಯಾಹ್ನದೊಳಗೆ ಕದ್ದವರು ಯಾರೆಂದು ಸಾಬೀತು ಮಾಡದಿದ್ದರೆ ನರ್ಸಮ್ಮನ ಹೆಸರು ತೆಗೆದು, ಕಾರಣವನ್ನು ಅವಳ ಈಗಿನ ಆಸ್ಪತ್ರೆಗೂ ತಿಳಿಸುವುದಾಗಿ ಸಹಾಯವಾಣಿಯ ಅಧಿಕಾರಿ ಹೇಳಿದ್ದ.

"ಇನ್ನೊಂದು ಪರೀಕ್ಷೆ ಕೊಟ್ರೆ ಮುಗೀತಲ್ಲ?" ಎಂದ ಮೈದುನ.

ನರ್ಸಮ್ಮ ಆಗ ಮೊದಲ ಸಲ ಬಾಯಿ ತೆರೆದಳು. "ಇನ್ನೂ ಹತ್ತು ಪಾಸು ಮಾಡ್ತೀನಿ, ಅಣ್ಣ. ಪಾಸು ಮಾಡಿದ್ರೆ ಕದ್ದಿಲ್ಲ ಅಂತ ಆಗುತ್ತಾ? ನಮ್ಮ ವಾರ್ಡಿನಲ್ಲಿ ಔಷಧದ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತೆ. ಕಳ್ಳಿ ಅಂತ ಒಂದು ಸಲ ಅನ್ನಿಸ್ಕೊಂಡ್ರೆ ಅದನ್ನ ಯಾರು ಕೊಡ್ತಾರೆ? ಹೊಸ ಕೆಲಸ ಹಾಳಾಗ್ಲಿ, ಇರೋದೂ ಹೋಗುತ್ತೆ."

ಔಷಧ ಮಾರುವ ಮೈದುನನಿಗೆ ಆ ಬೀರುವಿನ ಬೆಲೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಒಂದೇ ತಿಂಗಳಲ್ಲಿ ಇಷ್ಟು ಸುಧಾರಿಸಿದ್ದು ಹೇಗೆಂದು ಅತ್ತಿಗೆ ನೇರವಾಗಿಯೇ ಕೇಳಿದರು. ನರ್ಸಮ್ಮ ಸಂಕೋಚದಿಂದ ಹೇಳಿದಳು. ಮೊದಮೊದಲು ಪ್ರತಿ ಪದವನ್ನೂ ಹಿಡಿಯಲು ಹೋಗಿ, ಒಂದು ಹಿಡಿಯುವಷ್ಟರಲ್ಲಿ ಮುಂದಿನ ನಾಲ್ಕು ಜಾರುತ್ತಿದ್ದವಂತೆ. ಆಮೇಲೆ ಪದದ ಆಸೆ ಬಿಟ್ಟು, ಭಾರ ಬಿದ್ದ ಅಕ್ಷರಗಳ ಮೇಲಷ್ಟೇ ಕಾಲಿಟ್ಟು ಹಳ್ಳ ದಾಟಿದ ಹಾಗೆ ದಾಟಲು ಕಲಿತಳಂತೆ. ವಾರ್ಡಿನ ಟಿ.ವಿ.ಯ ಇಂಗ್ಲಿಷ್ ಸುದ್ದಿಗೆ ಗುನುಗುತ್ತ ಕೆಲಸ ಮಾಡುವಾಗ ರೋಗಿಯೊಬ್ಬ, "ಸಿಸ್ಟರ್, ಇಂಜೆಕ್ಷನ್ನಿಗೂ ರಾಗ ಇದೆಯಾ?" ಎಂದು ಕೇಳಿದ್ದನಂತೆ.

ಅತ್ತಿಗೆ ಚಪ್ಪಲಿ ಮೆಟ್ಟಿದರು. "ನಡಿಯಪ್ಪ, ಜೇನುಗೂಡಿಗೆ ಕೈ ಹಾಕೋಣ."

ಧ್ವನಿಕೋಣೆ ಎಂದರೆ ಹಿಂದೆ ಉಗ್ರಾಣವಾಗಿದ್ದ ಗೂಡು. ಗೋಡೆಗೆಲ್ಲ ಹಳೆಯ ರಜಾಯಿ ಹೊದಿಸಿ ಸದ್ದು ಅಡಗಿಸಿದ್ದರು. ಒಂದು ಮೇಜು, ಒಂದು ಕುರ್ಚಿ, ಮೈಕು, ಬೀಗವಿಲ್ಲದ ಡ್ರಾಯರು. ಹಿಂಗೋಡೆಯ ಆಚೆ ಕಟ್ಟಡದ ನೀರೆತ್ತುವ ಮೋಟಾರು. ಶಾಲೆಯ ಬೀಗದ ಕೈ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ಬೆಳಗಿನ ತರಗತಿಗೆ ಬಾಗಿಲು ತೆರೆಯುವ ನರ್ಸಮ್ಮ ಅದನ್ನು ಸಂಜೆ ಒಯ್ಯುತ್ತಿದ್ದಳು. ಅಲ್ಲಿಯವರೆಗೆ ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಕೈ ಯಾರ ಬಳಿ ಇತ್ತು ಎನ್ನುವುದರಿಂದ ಏನೂ ಸಿದ್ಧವಾಗುವುದಿಲ್ಲ, ಮೂವರೂ ದಿನವೂ ಬಂದು ಹೋಗುತ್ತಿದ್ದರಲ್ಲ ಎಂದರು ಅತ್ತಿಗೆ.

ಪರೀಕ್ಷೆಯಲ್ಲಿ ಮೂವರೂ ಆಡಿದ್ದನ್ನು ಟೀಚರಮ್ಮ ದಾಖಲಿಸಿಕೊಂಡಿದ್ದರು. ಮೈದುನ ಕಿವಿಗೊಟ್ಟು ಕೂತ. ತಾಯಿಯೊಬ್ಬಳು ಆಸ್ಪತ್ರೆಗೆ ಫೋನ್ ಮಾಡಿ, ಮಗುವಿಗೆ ಬೆಳಗ್ಗೆಯಿಂದ ಜ್ವರ ಇದೆ, ಹಾಲು ಕುಡಿಯುತ್ತಿಲ್ಲ, ಈಗಲೇ ಕರೆತರಲೇ ಎಂದು ಕೇಳುವ ಮಾತು ಅದು. ಕರಿಕೋಟು ಮೂರನೆಯ ವಾಕ್ಯಕ್ಕೇ ದಾರಿ ತಪ್ಪಿ, ಕೊನೆಗೆ ಬರೀ ಗಂಟಲು ಸರಿಮಾಡಿಕೊಂಡಿದ್ದ. ನರ್ಸಮ್ಮ ಅಲ್ಲಲ್ಲಿ ಒಂದೆರಡು ಪದ ನುಂಗಿದ್ದಳು, ಆದರೆ ಏರಿಳಿತ ಎಲ್ಲೂ ಕೆಟ್ಟಿರಲಿಲ್ಲ. ಗಾಬರಿಗೊಂಡ ತಾಯಿಯೇ ಮಾತಾಡಿದಂತಿತ್ತು. ನಗುಮುಖ ಒಂದು ಪದವನ್ನೂ ಬಿಟ್ಟಿರಲಿಲ್ಲ. "ಸಿನ್ಸ್ ದಿಸ್ ಮಾರ್ನಿಂಗ್" ಎನ್ನುವಲ್ಲಿ ಮಾತ್ರ ಮೊದಲ ಪದಕ್ಕೇ ನಿಂತು ಉಸಿರೆಳೆದುಕೊಂಡು, ಹೊಸ ಮಾತು ಶುರುಮಾಡುವವನಂತೆ ದನಿ ಏರಿಸಿ ಮುಂದುವರಿಸಿದ್ದ. ಆಮೇಲಿನ ವಾಕ್ಯವನ್ನು ಅವಸರವಾಗಿ ಹೇಳಿ, ಮತ್ತೆ ಹದಕ್ಕೆ ಬಂದಿದ್ದ. ಪಾಪ, ಎದೆ ಹೊಡೆದುಕೊಂಡಿರಬೇಕು ಎಂದುಕೊಂಡ ಮೈದುನ.

ಅತ್ತಿಗೆ ಮೂರನ್ನೂ ಮತ್ತೊಮ್ಮೆ ಕೇಳಿದರು.

ಕರಿಕೋಟು ತನ್ನ ಹಿರಿಯ ವಕೀಲರ ಕಚೇರಿಯಲ್ಲಿ, ತನಗಿಂತ ಎತ್ತರದ ಫೈಲುಗಳ ನಡುವೆ ಸಿಕ್ಕ. ದೂರು ಕೊಟ್ಟದ್ದನ್ನು ಮುಚ್ಚಿಡಲಿಲ್ಲ. ಬುಧವಾರ ಕಾರ್ಡು ಹುಡುಕುತ್ತಿದ್ದುದನ್ನು ಕಣ್ಣಾರೆ ಕಂಡವನು ತಾನು, ಬೀಗದ ಕೈ ಯಾರ ಹತ್ತಿರ ಇತ್ತೆಂದು ಲೋಕಕ್ಕೇ ಗೊತ್ತು ಎಂದು ವಾದಿಸಿದ.

"ನಿಮ್ಮ ಹತ್ತಿರ ಕಾರ್ಡು ಇದ್ದಿದ್ರೆ?" ಎಂದರು ಅತ್ತಿಗೆ.

"ಇದ್ದಿದ್ರೆ ಇಷ್ಟು ಕೆಟ್ಟದಾಗಿ ಹೇಳ್ತಿದ್ನಾ, ಅಮ್ಮ?" ಎಂದು ಅವನು ಮುಖ ಕಿವುಚಿದ. ಮೈದುನನಿಗೆ ಆ ವಾದ ಒಪ್ಪಿಗೆಯಾಯಿತು.

ನಗುಮುಖನ ಹೋಟೆಲಿನಲ್ಲಿ ಕುರ್ಚಿಗಳಿಗೆಲ್ಲ ಬಟ್ಟೆ ಮುಚ್ಚಿದ್ದರು. ತಿಂಗಳ ಕೊನೆಗೆ ಮುಚ್ಚುತ್ತಾರೆಂದು ಅವನೇ ಹೇಳಿದ. ಇಬ್ಬರಿಗೂ ಕುರ್ಚಿ ತಂದು, ನೀರು ತರಿಸಿ, ನರ್ಸಮ್ಮ ಅಂಥವರಲ್ಲ, ಯಾರೋ ಎಲ್ಲೋ ಇಟ್ಟು ಮರೆತಿರಬೇಕು ಎಂದ. ಹೊರಡುವಾಗ ಬಾಗಿಲವರೆಗೆ ಬಂದು, "ಅವರಿಗೇನಾಗುತ್ತೆ, ಅಮ್ಮ?" ಎಂದು ಕೇಳಿದ.

"ಇರೋ ಕೆಲಸವೂ ಹೋಗಬಹುದು."

ಅವನು ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದ.

"ಒಳ್ಳೇ ಹುಡುಗ" ಎಂದ ಮೈದುನ, ಬೀದಿಗೆ ಬಂದ ಮೇಲೆ.

"ಹೌದು. ಅಂಥವರ ಕೈಯಲ್ಲೂ ಕೆಟ್ಟ ಕೆಲಸ ಆಗುತ್ತೆ. ನಿಮ್ಮಣ್ಣನ್ನೇ ನೋಡು, ಬೆಲ್ಲದ ಡಬ್ಬ ಕಂಡ್ರೆ ಕೈ ನಿಲ್ಲಲ್ಲ."

ಕೊನೆಗೆ ಹೋದದ್ದು ಹಲ್ಲಿನ ಡಾಕ್ಟರ ಬಳಿಗೆ. ಇಂಗ್ಲಿಷ್ ಮಾತಾಡುವ ದೇಶದಲ್ಲೇ ಬೆಳೆದ ಅವರು ಟೀಚರಮ್ಮನಿಗಾಗಿ ಪಾಠಗಳನ್ನು ಓದಿಕೊಡುತ್ತಿದ್ದರು. ಅವರ ಕನ್ನಡದಲ್ಲೂ ಒಂದು ಅಕ್ಷರಕ್ಕೆ ಊಟ, ಉಳಿದದ್ದಕ್ಕೆ ಉಪವಾಸ. ಈ ಸಲ ಎರಡೆರಡು ಬಾರಿ ಓದಬೇಕಾಯಿತೆಂದು ಅವರು ನಕ್ಕರು. ಸೋಮವಾರ ಓದುತ್ತಿದ್ದಾಗ ಗೋಡೆಯಾಚೆಯ ಮೋಟಾರು ಗುಂಯ್ ಎಂದಿತಂತೆ, ಇವರು ಬೆಚ್ಚಿದರಂತೆ. ಮರುದಿನ ಟೀಚರಮ್ಮ ಕೇಳಿ ನೋಡಿ, ಇದು ಆಗದು ಎಂದು ಸಂಜೆ ತಮ್ಮ ಮೊಬೈಲಿನಲ್ಲೇ ಹೊಸದಾಗಿ ಓದಿಸಿಕೊಂಡರಂತೆ. "ಎರಡನೇ ಸಲ ನೀರು ಹರಿದ ಹಾಗೆ ಹೋಯ್ತು" ಎಂದರು ಡಾಕ್ಟರು.

ಮೆಟ್ಟಿಲು ಹತ್ತುವಾಗ ಅತ್ತಿಗೆ ಒಂದೇ ಒಂದು ಪ್ರಶ್ನೆ ಕೇಳಿದರು: "ಎರಡು ಸಲ ಓದಿದ್ದು ಅಂತ ಟೀಚರಮ್ಮ ಬೆಳಿಗ್ಗೆ ಹೇಳಿದ್ರಾ?"

"ಇಲ್ಲ."

"ಯಾರಿಗೂ ಹೇಳಿಲ್ಲ ಅಂತಾಯ್ತು. ನಾಳೆ ಎಲ್ಲರನ್ನೂ ಕರಿ. ಡಾಕ್ಟರನ್ನೂ."

ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಎಲ್ಲರೂ ಸೇರಿದರು. ಕರಿಕೋಟು ನಿಜವಾದ ಕರಿಕೋಟಿನಲ್ಲೇ ಬಂದಿದ್ದ. ನರ್ಸಮ್ಮ ಕಿಟಕಿಯ ಪಕ್ಕ ಕೂತಿದ್ದಳು, ಕೈಗಳೆರಡನ್ನೂ ಮಡಿಲಲ್ಲಿ ಒತ್ತಿ ಹಿಡಿದು. ಮೇಜಿನ ಮೇಲೆ ಎರಡು ಮೊಬೈಲು, ಡ್ರಾಯರಿನ ಕಾರ್ಡು.

ಪರೀಕ್ಷೆಗೆ ಕೇಳಿಸಿದ್ದು ಡ್ರಾಯರಿನ ಕಾರ್ಡಲ್ಲ, ಎರಡನೆಯ ಓದು ಎಂದು ಅತ್ತಿಗೆ ಮೊದಲೇ ಹೇಳಲಿಲ್ಲ. ಮತ್ತೊಮ್ಮೆ ಅದೇ ಪಾಠಕ್ಕೆ ನೆರಳಾಗಿ ಎಂದಷ್ಟೇ ಕೇಳಿಕೊಂಡರು. ಒಬ್ಬೊಬ್ಬರಾಗಿ ಹೆಡ್‌ಫೋನ್ ಹಾಕಿಕೊಂಡರು. ಕರಿಕೋಟು ಈ ಸಲ ಐದನೆಯ ವಾಕ್ಯದವರೆಗೆ ಹೋಗಿ ಬಿದ್ದ. ನರ್ಸಮ್ಮನ ದನಿ ಮೊದಲು ನಡುಗಿತು, ಆಮೇಲೆ ದಾರಿ ಹಿಡಿಯಿತು. ನಗುಮುಖ ಕಣ್ಣು ಮುಚ್ಚಿ ಹೇಳಿದ. ಅದೇ ಪದಕ್ಕೆ ನಿಂತ, ಉಸಿರೆಳೆದ, ದನಿ ಏರಿಸಿ ಮುಂದೆ ಹೋದ.

"ಒಂದು ಸಲ ಆದ್ರೆ ಆಕಸ್ಮಿಕ ಅನ್ನಬಹುದಿತ್ತು" ಎಂದರು ಅತ್ತಿಗೆ. ನರ್ಸಮ್ಮ, ನಗುಮುಖ ಇಬ್ಬರ ಶನಿವಾರದ ದನಿಯನ್ನು ಒಂದಾದ ಮೇಲೊಂದರಂತೆ ಪರೀಕ್ಷೆಯ ಓದಿನ ಜೊತೆ ಒಟ್ಟಿಗೇ ಹಾಕಿ ಕೇಳಿಸಿದರು, ಎರಡು ಮೊಬೈಲು ಅಕ್ಕಪಕ್ಕ ಇಟ್ಟು. ನರ್ಸಮ್ಮ ಉದ್ದಕ್ಕೂ ಡಾಕ್ಟರ ದನಿಯ ಬೆನ್ನಿಗೇ ಬರುತ್ತಿದ್ದಳು. ನಗುಮುಖನ ದನಿ ಮಾತ್ರ ಹಲವು ಕಡೆ ಡಾಕ್ಟರ ದನಿಗಿಂತ ಮೊದಲೇ ಕೇಳಿಸಿತು. ಡಾಕ್ಟರು ಎಲ್ಲೂ ನಿಲ್ಲಲಿಲ್ಲ. ಇವನು ನಿಂತ, ಹಿಂದೆ ಬಿದ್ದ, ಓಡಿ ಸೇರಿಕೊಂಡ.

"ನೆರಳು ಆಳಿಗಿಂತ ಮುಂದೆ ನಡೆದ್ರೆ, ಆ ದಾರಿ ಅದಕ್ಕೆ ಮೊದಲೇ ಗೊತ್ತು ಅಂತ ಅರ್ಥ. ಇನ್ನು ನಿಂತಿದ್ದು ಯಾಕೆ ಅನ್ನೋದನ್ನ ಕೇಳಿ."

ಅವರು ಕಾರ್ಡನ್ನು ಹಾಕಿದರು. ಡಾಕ್ಟರ ದನಿ ಸರಾಗವಾಗಿ ಬಂತು. ಮಗುವಿನ ಜ್ವರದ ಮಾತಿಗೆ ಬಂದೊಡನೆ ಹಿನ್ನೆಲೆಯಲ್ಲಿ ಗುಂಯ್ ಎಂದು ಮೋಟಾರು ಹೊರಟಿತು. ದನಿ ನಿಂತಿತು. ಉಸಿರೆಳೆದ ಸದ್ದು. ಮತ್ತೆ ಎತ್ತರದಲ್ಲಿ ಶುರುವಾಯಿತು, ಹೊಸ ಮಾತಿನಂತೆ.

"ಈ ಕಾರ್ಡನ್ನ ಪರೀಕ್ಷೆಗೆ ಬಳಸಲೇ ಇಲ್ಲ" ಎಂದರು ಅತ್ತಿಗೆ. "ಟೀಚರಮ್ಮ ಮಂಗಳವಾರ ಹೊಸದಾಗಿ ಓದಿಸಿ ತಮ್ಮ ಮೊಬೈಲಲ್ಲಿ ಇಟ್ಕೊಂಡ್ರು, ಯಾರಿಗೂ ಹೇಳಲಿಲ್ಲ. ಮಾತು ಅದೇ, ನಿಲುಗಡೆ ಇಲ್ಲ. ನಿಂತು ಉಸಿರೆಳೆಯೋ ಆ ಜಾಗ ಇರೋದು ಕದ್ದ ಕಾರ್ಡಿನಲ್ಲಿ ಮಾತ್ರ. ಅಲ್ಲಿ ಉಸಿರೆಳೆದವರು ಅದನ್ನ ಕೇಳಿದ್ದಾರೆ. ಸುಮ್ಮನೆ ಕೇಳಿದ್ದಲ್ಲ, ನಾಲಿಗೆಗೆ ದಾರಿ ಬೀಳೋವರೆಗೂ ಕೇಳಿದ್ದಾರೆ. ಕಿವಿಯಲ್ಲಿ ಬೇರೆ ಓದು ಬರ್ತಾ ಇದ್ರೂ ನಾಲಿಗೆ ಪಳಗಿದ ದಾರಿ ಬಿಡಲಿಲ್ಲ."

"ಮೋಟಾರಿನ ಸದ್ದು ಕೇಳಿ ಇದು ಕೆಟ್ಟ ಓದು ಅಂತ ಅನ್ನಿಸ್ಲಿಲ್ವಾ ಅವನಿಗೆ?" ಎಂದ ಕರಿಕೋಟು, ವಕೀಲನ ಗತ್ತು ಬಿಡದೆ.

"ಈ ಶಾಲೆಯ ನಿಯಮ ಏನು? ಕೇಳಿದ್ದನ್ನ ತಿದ್ದಬೇಡಿ, ಕೆಮ್ಮಿದ್ರೆ ಕೆಮ್ಮಿ. ಬೇರೆ ಯಾವ ಕಳ್ಳನಾದ್ರೂ ಆ ನಿಲುಗಡೆಯನ್ನ ಬಿಟ್ಟು ಕಲೀತಿದ್ದ. ನೀವು ಕದ್ದಿದ್ರೆ ಖಂಡಿತ ಸಿಕ್ಕಿಬೀಳ್ತಿರಲಿಲ್ಲ, ವಕೀಲರೇ. ಅಷ್ಟು ಶ್ರದ್ಧೆ ನಿಮಗಿಲ್ಲ." ಅತ್ತಿಗೆ ನಗುಮುಖನ ಕಡೆ ತಿರುಗಿದರು. ಅವರ ದನಿಯಲ್ಲಿ ಗೆದ್ದ ಸುಖವಿರಲಿಲ್ಲ. "ನೀನು ಸಿಕ್ಕಿಬಿದ್ದಿದ್ದು ಚೆನ್ನಾಗಿ ಕಲಿತಿದ್ದಕ್ಕಪ್ಪ."

ನಗುಮುಖ ಹೆಡ್‌ಫೋನನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟ. ಹೋಟೆಲು ಮುಚ್ಚುವ ಸುದ್ದಿ ಮನೆಯಲ್ಲಿ ತಿಳಿದ ದಿನವೇ, ಬೇರೆ ಕೆಲಸ ಆಗಲೇ ಸಿಕ್ಕಿದೆ ಎಂದು ಅಪ್ಪನಿಗೆ ಸುಳ್ಳು ಹೇಳಿದ್ದನಂತೆ. ಮಂಗಳವಾರ ಸಂಜೆಯ ತರಗತಿ ಮುಗಿದ ಮೇಲೆ ಕಾರ್ಡು ಒಯ್ದು, ಗುರುವಾರ ಬೆಳಿಗ್ಗೆ ನರ್ಸಮ್ಮ ಬಾಗಿಲು ತೆರೆದೊಡನೆ, ಉಳಿದವರು ಬರುವ ಮೊದಲು ಇಟ್ಟಿದ್ದ. ನರ್ಸಮ್ಮನ ಮೇಲೆ ಅನುಮಾನ ಬೀಳುತ್ತದೆಂದು ಎಣಿಸಿರಲಿಲ್ಲ. ಬಿದ್ದ ಮೇಲೆ ಹೇಳುವ ಧೈರ್ಯ ಬರಲಿಲ್ಲ.

"ಕದೀದೇ ಇದ್ರೂ ನಿನಗೆ ಬರ್ತಿತ್ತಲ್ಲೋ" ಎಂದರು ಟೀಚರಮ್ಮ. ಅವನು ನರ್ಸಮ್ಮನ ಎದುರು ಹೋಗಿ ನಿಂತ. ಅವಳು ಅವನನ್ನು ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. ಅವನು ಹೊರಟುಹೋದ.

ಟೀಚರಮ್ಮ ಆಸ್ಪತ್ರೆಯ ಅಧಿಕಾರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ತಿಳಿಸಿದರು. ಆಮೇಲೆ ನರ್ಸಮ್ಮನಿಗೇ ಕೊಡಿ ಎಂಬ ಅಪ್ಪಣೆ ಬಂತು. ಅಧಿಕಾರಿ ಹೊರದೇಶದಲ್ಲಿ ಓದಿ ಬಂದವನು. ಅವನ ಇಂಗ್ಲಿಷ್ ಮಳೆಗಾಲದ ಹೊಳೆಯಂತೆ ಎಲ್ಲವನ್ನೂ ಕೊಚ್ಚಿಕೊಂಡು ಹರಿಯುತ್ತಿತ್ತು. ನರ್ಸಮ್ಮ ಫೋನನ್ನು ಕಿವಿಗೊತ್ತಿ ನಿಂತಳು. ಪಕ್ಕದಲ್ಲಿದ್ದ ಮೈದುನನಿಗೆ ಗೊಳಗೊಳ ಎಂಬುದರ ಹೊರತು ಏನೂ ಸಿಕ್ಕಲಿಲ್ಲ. ಅವಳು ನಡುವೆ ಒಮ್ಮೆ ತಡೆದು ಏನೋ ಕೇಳಿದಳು. ಆ ಕಡೆಯ ದನಿ ತಗ್ಗಿ, ನಿಧಾನವಾಗಿ, ಮತ್ತೇನೋ ಹೇಳಿತು. ಅವಳು ಚಿಕ್ಕದಾಗಿ ಉತ್ತರ ಕೊಟ್ಟು ಫೋನಿಟ್ಟಳು.

"ಏನಂದ್ರು?" ಎಂದು ಮೂರು ಜನ ಒಟ್ಟಿಗೆ ಕೇಳಿದರು.

"ಒಂದನೇ ತಾರೀಖು ಬರಕ್ಕೆ ಹೇಳಿದ್ರು. ಅದಕ್ಕೆ ಮೊದಲು ಕ್ಷಮೆ ಕೇಳಿದ್ರು. ಅದನ್ನ ಎರಡು ಸಲ ಹೇಳಿಸ್ಕೊಂಡೆ."

"ಮೊದಲ ಸಲ ಅರ್ಥ ಆಗ್ಲಿಲ್ವಾ?" ಎಂದರು ಟೀಚರಮ್ಮ, ಆತಂಕದಿಂದ.

"ಆಯ್ತು" ಎಂದಳು ನರ್ಸಮ್ಮ. "ಆದ್ರೂ ಹೇಳಿಸ್ಕೊಂಡೆ."